ಹಾಜರಿ ಲೆಕ್ಕವೋ, ಕಿಲೋ ಲೆಕ್ಕವೋ

2023ರ ನವೆಂಬರ್ 20, ಸೋಮವಾರ. ಬಣಕಲ್ ಪೇಟೆಯ ರಸ್ತೆ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಅರೇಬಿಕಾ ಕೊಯ್ಲಿನ ಕಾಲ. ಬೇರೆ ದಿನವಾಗಿದ್ದರೆ ಆಳುಗಳನ್ನು ತುಂಬಿಕೊಂಡ ಜೀಪುಗಳು ಇಷ್ಟು ಹೊತ್ತಿಗೆ ತೋಟ ಸೇರಿರುತ್ತಿದ್ದವು. ಆವತ್ತು ಮಾತ್ರ ಊರಿಗೆ ಊರೇ ತಡವಾಗಿ ಎದ್ದಿತ್ತು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾ ಎದುರು ಕ್ರಿಕೆಟ್ ವಿಶ್ವಕಪ್ ಫೈನಲ್ ಸೋತಿದ್ದೆವು.

ಹೋಟೆಲಿನ ಮೂಲೆ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಎಸ್ಟೇಟಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿ ಈಗ ತಮ್ಮ ಎರಡೆಕರೆ ನೋಡಿಕೊಂಡಿರುವವರು. ಖಾಲಿ ಉಳಿದ ಒಂದು ಹಾಜರಿ ಪುಸ್ತಕದಲ್ಲಿ ಕ್ರಿಕೆಟ್ ಸ್ಕೋರು ಬರೆದಿಡುವುದು ಅವರ ಚಟ. ಇನ್ನೊಬ್ಬ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗ, ಮ್ಯಾಚಿಗೆಂದೇ ಊರಿಗೆ ಬಂದವನು. ನಿನ್ನೆ ಹಾಕಿದ ನೀಲಿ ಜರ್ಸಿ ಇನ್ನೂ ಮೈಮೇಲೇ ಇತ್ತು. ಆ ಬೆಂಚಿಗೆ ಒಂದು ಕಾನೂನಿದೆ: ಮ್ಯಾಚಿನ ಮಾತಾಡುವವರಲ್ಲಿ ಸೋತ ಪಕ್ಷದವರು ಕಾಫಿ ದುಡ್ಡು ಕೊಡಬೇಕು. ಇವತ್ತು ಇಬ್ಬರೂ ಸೋತವರೇ.

ಹುಡುಗ: ನೂರಾ ಏಳು ಬಾಲ್, ರೈಟ್ರೇ. ನೂರಾ ಏಳು ಬಾಲಿಗೆ ಅರವತ್ತಾರು. ಒಂದೇ ಒಂದು ಫೋರು. ಸೋಲಿಗೆ ಬೇರೆ ಕಾರಣ ಹುಡುಕೋದೇ ಬೇಡ.

ರೈಟರು: ಬೆಳಿಗ್ಗೆ ಎದ್ದವನು ಮುಖ ತೊಳೆದ್ಯೋ ಇಲ್ವೋ? ಕೂತ್ಕೊ ಮಾರಾಯ. ಬನ್ಸ್ ತಿನ್ನು. ಆಮೇಲೆ ಕೆ.ಎಲ್. ರಾಹುಲನ್ನ ತಿನ್ನುವಿಯಂತೆ.

ಹುಡುಗ: ನಗಬೇಡಿ. ಹತ್ತು ಮ್ಯಾಚ್ ಸಾಲಾಗಿ ಗೆದ್ದು ಬಂದ ಟೀಮು. ಹತ್ತು ಓವರಿಗೆ 80 ಆಗಿತ್ತು. ಅಲ್ಲಿಂದ ಮುಂದೆ 97 ಬಾಲ್ ಒಂದೇ ಒಂದು ಬೌಂಡ್ರಿ ಇಲ್ಲ. ಉಳಿದ ನಲವತ್ತು ಓವರಿನಲ್ಲಿ ಒಟ್ಟು ನಾಲ್ಕೇ ನಾಲ್ಕು ಫೋರು. ಅಷ್ಟು ಹೊತ್ತು ಕ್ರೀಸಲ್ಲಿ ನಿಂತಿದ್ದವನು ಯಾರು?

ರೈಟರು: ನಿಂತಿದ್ದವನ ಹೆಸರು ಹೇಳ್ತೀಯ. ನಿಲ್ಲದೆ ಹೋದವರ ಹೆಸರೂ ಹೇಳು ನೋಡೋಣ. ನನ್ನ ಪುಸ್ತಕದಲ್ಲಿದೆ, ಓದ್ತೀನಿ. ಗಿಲ್ 4. ಶ್ರೇಯಸ್ 4. ರೋಹಿತ್ 31 ಬಾಲಿಗೆ 47. ಮ್ಯಾಕ್ಸ್‌ವೆಲ್‌ನ ಒಂದೇ ಓವರಿನಲ್ಲಿ ಸಿಕ್ಸು, ಫೋರು ಹೊಡೆದಾಗಿತ್ತು. ಮತ್ತೊಂದಕ್ಕೆ ಕೈ ಹಾಕಿದ. ಹೆಡ್ ಹಿಂದಕ್ಕೆ ಓಡಿ ಹಿಡಿದ. 81ಕ್ಕೆ ಮೂರು. ಆಗ ಬಂದವನು ರಾಹುಲ್. ಬೆಂಕಿ ಹಚ್ಚಿದವರು ಮನೆಗೆ ಹೋದ್ರು, ನೀರು ಹೊತ್ತವನಿಗೆ ಬಟ್ಟೆ ಯಾಕೆ ಒದ್ದೆ ಅಂತ ಕೇಳ್ತಿದ್ದೀಯ ನೀನು.

ಹುಡುಗ: ರೋಹಿತ್ ಹಾಗೆ ಹೊಡೆದಿದ್ದಕ್ಕೇ ಹತ್ತು ಓವರಿಗೆ 80 ಬಂದಿದ್ದು. ಇಡೀ ಟೂರ್ನಮೆಂಟ್ ಅವನು ಆಡಿದ್ದು ಹಾಗೇ. ನಿನ್ನೆ ಒಂದು ಕ್ಯಾಚು ಹೋಯ್ತು ಅಂತ ಅದು ತಪ್ಪಾಗುತ್ತಾ?

ರೈಟರು: ಆಗಲ್ಲ. ಹಾಗಿದ್ರೆ ರಾಹುಲ್ ಆಡಿದ್ದೂ ಟೂರ್ನಮೆಂಟಿನುದ್ದಕ್ಕೂ ಆಡಿದ ಹಾಗೇ. ಮೊದಲನೇ ಮ್ಯಾಚು ಚೆನ್ನೈಯಲ್ಲಿ, ಇದೇ ಆಸ್ಟ್ರೇಲಿಯಾ. 2 ರನ್ನಿಗೆ 3 ವಿಕೆಟ್. ನೀನು ಟೀವಿ ಆಫ್ ಮಾಡಿ ಹೊರಗೆ ಹೋಗಿದ್ದೆ ಅಂತ ನಿನ್ನಮ್ಮನೇ ಹೇಳಿದ್ರು. ಕೊಹ್ಲಿ ಜೊತೆ 165 ರನ್ ಸೇರಿಸಿ, 97 ಮಾಡಿ ಔಟಾಗದೆ ಗೆಲ್ಲಿಸಿ ಬಂದ. ಎಷ್ಟು ಬಾಲು? 115. ಆವತ್ತು ನಿಧಾನ ಅಂತ ಯಾರೂ ಅನ್ನಲಿಲ್ಲ.

ಹುಡುಗ: ಆವತ್ತು ಬೇಕಿದ್ದದ್ದು 200. ಕಣ್ಣೆದುರಿಗೆ ಲೆಕ್ಕ ಇತ್ತು, ಅಳೆದು ಹೊಡೆದ. ನಿನ್ನೆ ಮೊದಲು ಬ್ಯಾಟಿಂಗು, ಎಷ್ಟು ಸಾಕು ಅನ್ನೋದೇ ಗೊತ್ತಿಲ್ಲ. ಗೊತ್ತಿಲ್ಲದಾಗ ಜಾಸ್ತಿ ಮಾಡಬೇಕು, ಕಮ್ಮಿ ಅಲ್ಲ. ಅವನಿಗೆ ಬರಲ್ಲ ಅಂತಲೂ ಅಲ್ಲ. ಒಂದು ವಾರದ ಹಿಂದೆ ಬೆಂಗಳೂರಿನಲ್ಲಿ ನೆದರ್ಲೆಂಡ್ಸ್ ಮೇಲೆ 62 ಬಾಲಿಗೆ ನೂರು ಹೊಡೆದ. ವಿಶ್ವಕಪ್ಪಿನಲ್ಲಿ ಭಾರತದವರು ಹೊಡೆದದ್ದರಲ್ಲೇ ಬೇಗದ ನೂರು ಅದು. ಬರದವನು ನಿಧಾನ ಆಡಿದ್ರೆ ಸುಮ್ಮನಿರ್ತಿದ್ದೆ. ಬರೋನು ಹೆದರಿ ನಿಂತ, ಅದೇ ನನಗೆ ಸಂಕಟ.

ರೈಟರು: ನೆದರ್ಲೆಂಡ್ಸ್ ಮೇಲೆ ಅವನು ಬಂದಾಗ ಮೂರೂ ಜನ ಐವತ್ತು ದಾಟಿಸಿ ಹೋಗಿದ್ರು. ಅಡುಗೆ ಆದ ಮನೆಗೆ ಬಡಿಸೋಕೆ ಬಂದವನು. ನಿನ್ನೆ ಒಲೆಯೇ ಹತ್ತಿರಲಿಲ್ಲ. ಅದೂ ಅಲ್ದೆ ಅವನ ಹಿಂದೆ ಯಾರಿದ್ರು ನೋಡು. ಜಡೇಜ, ಸೂರ್ಯಕುಮಾರ್. ಅಲ್ಲಿಗೆ ಮುಗೀತು. ಎಂಟರಿಂದ ಕೆಳಗೆ ಬರೀ ಬೌಲರುಗಳು. ಪುಣೆಯಲ್ಲಿ ಹಾರ್ದಿಕ್ ಕಾಲು ಉಳುಕಿಸಿಕೊಂಡ ದಿನದಿಂದಲೇ ಟೀಮು ಹಾಗೆ ಮೊಂಡಾಗಿತ್ತು. ರಾಹುಲ್ ಹೊಡೆಯಕ್ಕೆ ಹೋಗಿ ಇಪ್ಪತ್ತನೇ ಓವರಿಗೆ ಔಟಾಗಿದ್ರೆ 240 ಅಲ್ಲ, 180ಕ್ಕೆ ಗಂಟುಮೂಟೆ.

ಹುಡುಗ: ಆಗ್ತಿತ್ತೋ ಏನೋ. ಅಥವಾ 280 ಆಗ್ತಿತ್ತು. ಆಗದೇ ಇದ್ದದ್ದನ್ನ ತಂದು ನೀವು ಸಾಕ್ಷಿ ಹಾಕಬೇಡಿ.

ಹೋಟೆಲ್ ಅಕ್ಕ ಎರಡು ಲೋಟ ಕಾಫಿ ತಂದಿಟ್ಟು, ಯಾರ ಮುಖದಲ್ಲೂ ಕಳೆಯಿಲ್ಲದ್ದನ್ನು ನೋಡಿ ಏನೂ ಕೇಳದೆ ಹೋದರು.

ರೈಟರು: ಸರಿ, ಆಗಿದ್ದನ್ನೇ ಹೇಳ್ತೀನಿ. ಲಬುಶೇನ್ ನಿನ್ನೆ ಎಷ್ಟು ಹೊಡೆದ?

ಹುಡುಗ: ಐವತ್ತೆಂಟು, ನಾಟ್ ಔಟ್.

ರೈಟರು: ಎಷ್ಟು ಬಾಲಿಗೆ?

ಹುಡುಗ: …ನೂರಾ ಹತ್ತು.

ರೈಟರು: ಹಾಂ. ನಮ್ಮವನು 107ಕ್ಕೆ 66. ಅವರವನು 110ಕ್ಕೆ 58. ಬೆಳಿಗ್ಗೆ ನಿನ್ನ ಫೋನಿನಲ್ಲಿ ಲಬುಶೇನ್‌ಗೆ ಏನಂತಾರೆ? ಬಂಡೆ ಹಾಗೆ ನಿಂತ, ತಾಳ್ಮೆ ಅಂದ್ರೆ ಅವನದ್ದು. ರಾಹುಲ್‌ಗೆ? ಆಮೆ. ಇಬ್ರೂ ಮಾಡಿದ್ದು ಒಂದೇ ಕೆಲಸ. ಒಬ್ಬನ ಟೀಮು ಗೆಲ್ತು, ಒಬ್ಬಂದು ಸೋತಿತು. ರಾತ್ರಿ ಹತ್ತು ಗಂಟೆಯ ಫಲಿತಾಂಶ ಹಿಡ್ಕೊಂಡು ಮಧ್ಯಾಹ್ನ ಮೂರು ಗಂಟೆಯ ಕೆಲಸಕ್ಕೆ ಬೈತೀರಲ್ಲ, ಇದು ಯಾವ ನ್ಯಾಯ?

ಹುಡುಗ ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತ ಕೂತ. ನಂತರ ಲೋಟ ಕೆಳಗಿಟ್ಟ.

ಹುಡುಗ: ಇಲ್ಲ ರೈಟ್ರೇ, ಒಂದೇ ಕೆಲಸ ಅಲ್ಲ. ಲಬುಶೇನ್ ಎದುರಿಗೆ ಹೆಡ್ ಇದ್ದ. 120 ಬಾಲಿಗೆ 137. ಒಬ್ಬ ಹೊಡೀತಿರುವಾಗ ಇನ್ನೊಬ್ಬ ನಿಲ್ಲೋದು ಜೊತೆಯಾಟ. ನಮ್ಮಲ್ಲಿ ಕೊಹ್ಲಿ, ರಾಹುಲ್ ಇಬ್ರೂ ನಿಂತೇ ಬಿಟ್ರು. 109 ಬಾಲಿಗೆ 67. ಆಮೇಲೆ 29ನೇ ಓವರಿನಲ್ಲಿ ಕೊಹ್ಲಿ ಹೋದ. ಆಗಲಾದ್ರೂ ರಾಹುಲ್ ಹೆಡ್ ಆಗಬೇಕಿತ್ತು. ಅವನು ಲಬುಶೇನ್ ಆಗೇ ಉಳಿದ, ಹೆಡ್ ಯಾರೂ ಆಗಲಿಲ್ಲ. 42ನೇ ಓವರಿನಲ್ಲಿ ಸ್ಟಾರ್ಕ್ ಬಾಲಿಗೆ ಕೀಪರ್ ಕೈಗೆ ಕೊಟ್ಟು ಹೊರಟ. ಕಾಪಾಡಿಕೊಂಡ ವಿಕೆಟ್ಟನ್ನ ಖರ್ಚು ಮಾಡಬೇಕಾದ ಹೊತ್ತಿಗೆ ಕಳ್ಕೊಂಡ.

ರೈಟರು: ಇದು ಮಾತು. ಇದಕ್ಕೆ ನಾನು ಅಡ್ಡ ಹೇಳಲ್ಲ. ಮೂವತ್ತರಿಂದ ನಲವತ್ತನೇ ಓವರಿನವರೆಗೆ ಎಲ್ಲೋ ಒಂದು ಕಡೆ ಕೈ ಬೀಸಬೇಕಿತ್ತು.

ಹುಡುಗ: ಬರೆದುಕೊಳ್ಳಿ ಹಾಗಾದ್ರೆ. ನಿಮ್ಮ ಪುಸ್ತಕದಲ್ಲಿ ಹಾಜರಿ ಹಾಕ್ತೀರಲ್ಲ, ಪೂರ್ತಿ, ಅರ್ಧ ಅಂತ. ರಾಹುಲ್‌ಗೆ ಅರ್ಧ ಹಾಜರಿ ಹಾಕಿ.

ರೈಟರು: ಅರ್ಧ ಯಾಕೆ? ಬೆಳಿಗ್ಗೆ ಗಂಟೆ ಹೊಡೆದಾಗ ಬಂದ, ಮುಕ್ಕಾಲು ದಿನ ಬಿಸಿಲಲ್ಲಿ ಬ್ಯಾಟ್ ಹಿಡಿದು ನಿಂತ. ಸಂಜೆ ಗ್ಲೌಸ್ ಹಾಕಿ 43 ಓವರ್ ಕೂತೆದ್ದ. ಅವನಿಗಿಂತ ಜಾಸ್ತಿ ಹೊತ್ತು ನಿನ್ನೆ ಮೈದಾನದಲ್ಲಿದ್ದವರು ನಮ್ಮ ಕಡೆ ಯಾರೂ ಇಲ್ಲ. ನನ್ನ ಪುಸ್ತಕದಲ್ಲಿ ಪೂರ್ತಿ ಹಾಜರಿ.

ಹುಡುಗ: ಅದೇ ತಪ್ಪು! ಈಗ ತೋಟದಲ್ಲಿ ನಡೀತಿರೋದು ಏನು? ಕೊಯ್ಲು. ಕೊಯ್ಲಿಗೆ ಹಾಜರಿ ಲೆಕ್ಕ ಹಾಕ್ತೀರಾ? ಕಿಲೋ ಲೆಕ್ಕ. ಸಂಜೆ ಚೀಲ ತೂಗ್ತೀರಿ, ಎಷ್ಟು ತೂಗ್ತೋ ಅಷ್ಟು ದುಡ್ಡು. ‘ಬೆಳಿಗ್ಗೆಯಿಂದ ಗಿಡದ ಬುಡದಲ್ಲೇ ಇದ್ದೆ’ ಅಂದ್ರೆ ಕೊಡ್ತೀರಾ? ಬ್ಯಾಟಿಂಗ್ ಅಂದ್ರೆ ಕೊಯ್ಲು, ರೈಟ್ರೇ. ಹಾಜರಿ ಅಲ್ಲ.

ರೈಟರು ಜೋರಾಗಿ ನಕ್ಕರು. ಬೆಳಗಿನಿಂದ ಆ ಹೋಟೆಲಿನಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ರೈಟರು: ಎಂಜಿನಿಯರಿಂಗ್ ಬಿಟ್ಟು ರೈಟರ್ ಕೆಲಸಕ್ಕೆ ಬಾ ಮಾರಾಯ. ಆದ್ರೆ ಕಿಲೋ ಲೆಕ್ಕದ ಕಥೆ ಪೂರ್ತಿ ಕೇಳು. ಕಿಲೋ ಅಂದ ಕೂಡಲೇ ಕೆಲವರು ಏನು ಮಾಡ್ತಾರೆ? ಹಣ್ಣು, ಕಾಯಿ, ಎಲೆ ಎಲ್ಲ ಸೇರಿಸಿ ಬಾಚ್ತಾರೆ. ತೂಕ ಬರುತ್ತೆ. ರೆಕ್ಕೆ ಮುರಿದಿರುತ್ತೆ. ಮುಂದಿನ ವರ್ಷ ಆ ಗಿಡ ಹೂವೇ ಬಿಡಲ್ಲ. ಅದಕ್ಕೇ ಅರೇಬಿಕಾದಲ್ಲಿ ಮೊದಲ ಸುತ್ತು ಹಣ್ಣಾದದ್ದನ್ನ ಮಾತ್ರ ಆರಿಸಿ ಕೊಯ್ಯಿಸೋದು. ಆ ಸುತ್ತಿಗೆ ನಾವು ಕಿಲೋ ನೋಡ್ತಿರಲಿಲ್ಲ, ಹಾಜರಿ ಕೊಡ್ತಿದ್ವಿ. ನಿನ್ನೆ ಪಿಚ್ಚು ಹಾಗಿತ್ತು. ಒಣಗಿ ನಿಧಾನ ಆಗಿತ್ತು, ಬಾಲು ಬ್ಯಾಟಿಗೆ ಬರ್ತಿರಲಿಲ್ಲ. ಹಣ್ಣೇ ಆಗಿರಲಿಲ್ಲ ಕೊಯ್ಯೋಕೆ. ರಾತ್ರಿ ಇಬ್ಬನಿ ಬಿತ್ತು, ಹೆಡ್‌ಗೆ ಹಣ್ಣು ಸಿಕ್ತು.

ಹುಡುಗ: ಹೆಡ್ ಬಂದಾಗಲೂ ಕಷ್ಟ ಇತ್ತು. 47ಕ್ಕೆ 3 ಆಗಿತ್ತಲ್ಲ ಅವರದ್ದು. ಬುಮ್ರಾ, ಶಮಿ ಬಾಲು ಆಡಿಸ್ತಿದ್ರು. ಇಬ್ಬನಿ ಬೀಳೋ ತನಕ ಅವನು ಸುಮ್ಮನೆ ಕಾಯಲಿಲ್ಲ. ನೀವು ಪಿಚ್ಚಿನ ಮೇಲೆ ಹಾಕಿ ಇವನನ್ನ ಬಿಡಿಸ್ಕೊಳ್ತಿದ್ದೀರಿ. ಒಂದು ದಿನದ್ದಾದ್ರೆ ಪಿಚ್ಚು ಅನ್ನಬಹುದು. 2019ರ ಸೆಮಿಫೈನಲ್, ಮ್ಯಾಂಚೆಸ್ಟರ್, ರಾಹುಲ್ 1. ಕಳೆದ ವರ್ಷ ಅಡಿಲೇಡಿನಲ್ಲಿ ಟಿ20 ಸೆಮಿಫೈನಲ್, 5. ದೊಡ್ಡ ಮ್ಯಾಚು ಬಂದಾಗಲೆಲ್ಲ ಹೀಗೇ ಆದ್ರೆ ಜನ ಏನಂತಾರೆ?

ರೈಟರು: ಮ್ಯಾಂಚೆಸ್ಟರಿನಲ್ಲಿ ರೋಹಿತ್ 1, ಕೊಹ್ಲಿ 1, ರಾಹುಲ್ 1. ಮೂರು ಒಂದರಲ್ಲಿ ನಿನಗೆ ನೆನಪಿರೋದು ಒಂದೇ ಒಂದು.

ಹುಡುಗ: ಯಾಕಂದ್ರೆ ಆ ಇಬ್ಬರು ಬೇರೆ ಎಷ್ಟೋ ಸಲ ತೀರಿಸಿದ್ದಾರೆ. ನಾನೊಬ್ಬನೇ ಹೇಳ್ತಿಲ್ಲ. ಈ ಫೆಬ್ರವರಿಯಲ್ಲಿ ವೆಂಕಟೇಶ್ ಪ್ರಸಾದ್ ಹೇಳಲಿಲ್ವಾ? ಇಷ್ಟು ಅವಕಾಶ ಬೇರೆ ಯಾರಿಗೂ ಸಿಕ್ಕಿಲ್ಲ ಅಂತ. ಅವರೂ ಕರ್ನಾಟಕದವರೇ. ಉಪನಾಯಕನ ಪಟ್ಟ ಹೋಯ್ತು, ಇಂದೋರ್ ಟೆಸ್ಟಿಗೆ ಕೂರಿಸಿ ಗಿಲ್‌ನ ಆಡಿಸಿದ್ರು.

ರೈಟರು: ಕೂರಿಸಿದ್ರು. ಮೇ ತಿಂಗಳಲ್ಲಿ ತೊಡೆ ಹರ್ಕೊಂಡು ಆಪರೇಷನ್ ಆಯ್ತು. ಸೆಪ್ಟೆಂಬರಿನಲ್ಲಿ ಕೊಲಂಬೊಗೆ ಬಂದವನೇ ಪಾಕಿಸ್ತಾನದ ಮೇಲೆ 111. ಕೂರಿಸಿದವರೇ ಮತ್ತೆ ಕರೆದ್ರು, ಯಾಕೆ? ರಿಷಭ್ ಪಂತ್ ಕಾರು ಅಪಘಾತದಲ್ಲಿ ಮಲಗಿದ್ದ, ಕೀಪಿಂಗಿಗೆ ಜನ ಬೇಕಿತ್ತು. ಇವನ ಜೀವಮಾನವೇ ಹಾಗೆ ನೋಡು. ಓಪನಿಂಗ್ ಖಾಲಿ ಇದ್ರೆ ಓಪನಿಂಗು. ಐದನೇ ನಂಬರು ಖಾಲಿ ಇದ್ರೆ ಐದು. ಕೀಪರ್ ಇಲ್ಲ ಅಂದ್ರೆ ಗ್ಲೌಸು. ಎಸ್ಟೇಟಿನಲ್ಲಿ ಇಂಥವನೊಬ್ಬ ಇದ್ದೇ ಇರ್ತಾನೆ. ಪಲ್ಪರ್ ಕೆಟ್ರೂ ಅವನೇ, ಜೀಪಿಗೆ ಡ್ರೈವರ್ ಬರದಿದ್ರೂ ಅವನೇ. ಎಲ್ಲ ಮಾಡೋನಿಗೆ ಅವನದ್ದು ಅಂತ ಒಂದು ಕೆಲಸ ಇರಲ್ಲ. ಪ್ರಮೋಷನ್ ದಿನ ಹೆಸರೂ ಇರಲ್ಲ. ಬೈಗುಳದ ದಿನ ಮಾತ್ರ ಮೊದಲನೇ ಹೆಸರು.

ಹುಡುಗ: ಎಲ್ಲ ಕೆಲಸಕ್ಕೂ ಒಪ್ಪಿಕೊಳ್ಳೋದು ದೊಡ್ಡ ಗುಣ ಅಂತೀರಿ ನೀವು. ನನಗೆ ಅದು ಇವನದ್ದೇ ತೊಂದರೆ ಅನ್ಸುತ್ತೆ. ‘ಇದು ನನ್ನ ಜಾಗ, ನಾನು ಹೀಗೇ ಆಡೋನು’ ಅಂತ ಒಂದು ಸಲವೂ ಹೇಳಿಲ್ಲ. ಪಂತ್ ಹೇಳ್ತಾನೆ, ಬಾಯಲ್ಲಲ್ಲ, ಬ್ಯಾಟಲ್ಲಿ. ಪಂತ್ ವಾಪಸ್ ಬಂದ್ರೆ ಕೀಪರ್ ಜಾಗ ಅವನಿಗೇ ಕೊಡಬೇಕು. ಔಟಾಗ್ಲಿ, ತೊಂದ್ರೆ ಇಲ್ಲ. ಎದುರಿನವರಿಗೆ ಹೆದರಿಕೆ ಆದ್ರೂ ಇರುತ್ತೆ.

ರೈಟರು: 1983ರಲ್ಲಿ ನನಗೆ ಇಪ್ಪತ್ತೆಂಟು. ಟನ್‌ಬ್ರಿಜ್ ವೆಲ್ಸ್ ಮ್ಯಾಚು. ಜಿಂಬಾಬ್ವೆ ಮೇಲೆ 17ಕ್ಕೆ 5. ಕಪಿಲ್ 175 ಹೊಡೆದ. ಅದರ ವಿಡಿಯೋ ಇವತ್ತಿಗೂ ಇಲ್ಲ, ನಮಗೆ ಗೊತ್ತಾಗಿದ್ದು ರೇಡಿಯೋ, ಪೇಪರಿನಲ್ಲಿ. ಆ 175 ಎಲ್ಲರ ಬಾಯಲ್ಲೂ ಇದೆ. ಒಂಬತ್ತನೇ ವಿಕೆಟ್ಟಿಗೆ ಮುರಿಯದ 126 ರನ್ ಬಂತು, ಆಗ ಇನ್ನೊಂದು ತುದಿಯಲ್ಲಿ ಯಾರಿದ್ರು?

ಹುಡುಗ: ಕಿರ್ಮಾನಿ.

ರೈಟರು: ಎಷ್ಟು ಹೊಡೆದ್ರು?

ಹುಡುಗ: ಗೊತ್ತಿಲ್ಲ.

ರೈಟರು: ಇಪ್ಪತ್ನಾಲ್ಕು. ಗೊತ್ತಿರಲ್ಲ, ನಿನ್ನ ತಪ್ಪಲ್ಲ. ನಿಂತವನ ಲೆಕ್ಕ ಯಾರೂ ಬಾಯಿಪಾಠ ಮಾಡಲ್ಲ. ಇನ್ನೊಂದು ಮಾತು, ರಾತ್ರಿ ಪುಸ್ತಕ ತಿರುವುವಾಗ ಕಣ್ಣಿಗೆ ಬಿತ್ತು. 1983ರ ಫೈನಲ್‌ನಲ್ಲಿ ನಮ್ಮ ಕೀಪರು ಕಿರ್ಮಾನಿ. 2003ರ ಫೈನಲ್‌ನಲ್ಲಿ ದ್ರಾವಿಡ್. 2023ರಲ್ಲಿ ರಾಹುಲ್. ಇಪ್ಪತ್ತು ವರ್ಷಕ್ಕೊಂದು ಸಲ ವಿಶ್ವಕಪ್ ಫೈನಲ್ಲಿನ ಗ್ಲೌಸು ಕರ್ನಾಟಕದವನ ಕೈಗೇ ಬಂದಿದೆ. 2003ರಲ್ಲಿ ದ್ರಾವಿಡ್ ಟೂರ್ನಮೆಂಟಿನಲ್ಲಿ ಹದಿನಾರು ಜನರನ್ನ ಔಟ್ ಮಾಡಿದ್ರು. ರಾಹುಲ್ ಈ ಸಲ ಅದನ್ನೂ ದಾಟಿದ. ಸೋತ ಕೋಚೂ ದ್ರಾವಿಡ್ಡೇ.

ಹುಡುಗ: ಮೂರರಲ್ಲಿ ಗೆದ್ದದ್ದು ಒಂದು. ಅದರಲ್ಲೂ ಕಿರ್ಮಾನಿ ಎದುರಿಗೆ ಕಪಿಲ್ ಇದ್ದ. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬಂದ್ವಿ ರೈಟ್ರೇ. ನಿಲ್ಲೋನಿಗೆ ಎದುರಿಗೊಬ್ಬ ಹೊಡೆಯೋನು ಬೇಕು.

ರೈಟರು: ಹೊಡೆಯೋನಿಗೂ ಎದುರಿಗೊಬ್ಬ ನಿಲ್ಲೋನು ಬೇಕು.

ಹುಡುಗ: ಸರಿ, ನಿಮಗೆ ಸಿಟ್ಟೇ ಬರಲಿಲ್ವಾ? ನಿಜ ಹೇಳಿ.

ರೈಟರು: ಬಂತು. ನಲವತ್ತನೇ ಓವರಿನಲ್ಲಿ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದೆ. ಆದ್ರೆ ಒಂದು ಗಮನಿಸಿದೆ. ಸೂರ್ಯಕುಮಾರ್ 28 ಬಾಲಿಗೆ 18 ಮಾಡಿದ, ಅವನ ಮೇಲೆ ಅಷ್ಟು ಬರಲಿಲ್ಲ. ರಾಹುಲ್ ಮೇಲೆ ಬಂತು. ಯಾಕೆ? ಚಾರ್ಮಾಡಿ ಇಳಿದ್ರೆ ಅವನ ಊರು. ಅಪ್ಪ ಸುರತ್ಕಲ್ ಕಾಲೇಜಿನಲ್ಲಿ ಮೇಷ್ಟ್ರು. ನೆಹರೂ ಮೈದಾನದಲ್ಲಿ ಆಡಿ ಬೆಳೆದ ಹುಡುಗ. ನಮ್ಮವನು ಅಂದ ಕೂಡಲೇ ಬೈಯ್ಯೋ ಹಕ್ಕೂ ಜೊತೆಗೇ ಬರುತ್ತೆ ನೋಡು.

ಹುಡುಗ: ನಾನು ದಿನಾ ಬಸ್ಸಲ್ಲಿ ಆ ಮೈದಾನ ದಾಟ್ತೀನಿ. ನಾಳೆ ದಾಟುವಾಗ ಆ ಕಡೆ ನೋಡಲ್ಲ.

ರೈಟರು: ನೋಡ್ತೀಯ, ನೋಡ್ತೀಯ.

ಅಷ್ಟರಲ್ಲಿ ಹೊರಗೆ ಜೀಪು ಹಾರ್ನ್ ಹೊಡೆಯಿತು. ದುಡ್ಡು ಯಾರು ಕೊಡಬೇಕು ಅನ್ನುವುದು ತೀರ್ಮಾನವಾಗಲಿಲ್ಲ. ಅಕ್ಕ ಅದನ್ನು ಲೆಕ್ಕದ ಪುಸ್ತಕಕ್ಕೆ ಬರೆದರು. ರೈಟರು ತಮ್ಮ ಪುಸ್ತಕ ತೆರೆದು ರಾಹುಲ್ ಹೆಸರಿನ ಎದುರು 66 ಎಂದು ಬರೆದರು. ಪೂರ್ತಿಯೋ ಅರ್ಧವೋ ಹಾಕುವ ಕಡೆ ಪೆನ್ನು ಸ್ವಲ್ಪ ತಡೆಯಿತು. ನಂತರ ಪುಸ್ತಕ ಮಡಚಿ ಎದ್ದರು.

ಅದೇ ಬೆಂಚು, 2025ರ ಏಪ್ರಿಲ್ 11, ಶುಕ್ರವಾರ. ಹೂಮಳೆಯ ನಂತರದ ಬ್ಯಾಕಿಂಗ್ ಮಳೆ ಯಾವಾಗ ಎಂದು ಎಲ್ಲರೂ ಆಕಾಶ ನೋಡುವ ತಿಂಗಳು. ಹುಡುಗನಿಗೆ ಈಗ ಬೆಂಗಳೂರಿನಲ್ಲಿ ಕೆಲಸ. ನೀಲಿ ಹೋಗಿ ಮೈಮೇಲೆ ಆರ್‌ಸಿಬಿಯ ಕೆಂಪು ಜರ್ಸಿ. ಹಿಂದಿನ ರಾತ್ರಿ ಚಿನ್ನಸ್ವಾಮಿ ಮೈದಾನದ ಐಪಿಎಲ್ ಮ್ಯಾಚಿನಲ್ಲಿ ಆರ್‌ಸಿಬಿ, ರಾಹುಲ್ ಆಡುತ್ತಿದ್ದ ಡೆಲ್ಲಿಗೆ ಸೋತಿತ್ತು.

ರೈಟರು: ಇವತ್ತು ಕಾಫಿ ದುಡ್ಡು ನಿಂದೇ. ಸೋತ ಟೀಮಿನವನು ನೀನು.

ಹುಡುಗ: ಕೊಡ್ತೀನಿ ಬಿಡಿ. ನಾನು ಸ್ಟೇಡಿಯಂನಲ್ಲೇ ಇದ್ದೆ. ಅಲ್ಲಿಂದ ರಾತ್ರಿ ಬಸ್ಸು ಹಿಡಿದು ಬಂದವನು. 164 ಬೇಕಿತ್ತು ಡೆಲ್ಲಿಗೆ. 58ಕ್ಕೆ 4. ಗೆದ್ವಿ ಅಂತ ಕುಣೀತಿದ್ವಿ. ರಾಹುಲ್ ನಿಂತಿದ್ದ. ನಿಧಾನಕ್ಕೆ, ಅದೇ ಹಳೇ ಥರ. ನಾವೆಲ್ಲ ಒಳಗೊಳಗೇ ಖುಷಿ: ಹೀಗೇ ಆಡು, ಹೀಗೇ ಆಡು ಅಂತ. ಆಮೇಲೆ ಶುರುವಾಯ್ತು ನೋಡಿ. 53 ಬಾಲಿಗೆ 93. ಸಿಕ್ಸ್ ಹೊಡೆದು ಮುಗಿಸಿದ.

ರೈಟರು: ನಿಂತು, ಆಮೇಲೆ ಕೊಯ್ದ. ಎರಡೂ ಲೆಕ್ಕ ಸರಿಹೋಯ್ತು. ಹೋದ ತಿಂಗಳು ಚಾಂಪಿಯನ್ಸ್ ಟ್ರೋಫಿಯಲ್ಲೂ ಹಾಗೇ ಆಯ್ತಲ್ಲ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ 42, ಔಟಿಲ್ಲ, ಕೊನೆಗೆ ಸಿಕ್ಸು. ಫೈನಲ್‌ನಲ್ಲಿ ನ್ಯೂಜಿಲೆಂಡ್ ಮೇಲೆ 34, ಔಟಿಲ್ಲ. ಆ ಟೂರ್ನಮೆಂಟಿನಲ್ಲಿ ನಿನ್ನ ಪಂತ್ ಒಂದು ಮ್ಯಾಚೂ ಆಡಲಿಲ್ಲ, ಪಾಪ. ಹೊರಗೆ ಕೂತಿದ್ದ.

ಹುಡುಗ: ಚುಚ್ಚಬೇಡಿ. ಒಪ್ಪಿದೆ. ಆದ್ರೆ ನೀವೂ ಒಂದು ಒಪ್ಪಬೇಕು. ದುಬೈಯಲ್ಲಿ ಅವನನ್ನ ಆರನೇ ನಂಬರಿಗೆ ಇಳಿಸಿದ್ರು, ಅಕ್ಷರ್ ಪಟೇಲ್‌ನ ಮೇಲೆ ಕಳಿಸಿದ್ರು. ಕೆಲಸ ಚಿಕ್ಕದು ಮಾಡಿ ಕೊಟ್ಟ ಮೇಲೆ ಚೆನ್ನಾಗಿ ಮಾಡಿದ. ಅಂದ್ರೆ ಆವತ್ತು ಅಹಮದಾಬಾದಿನ ಕೆಲಸ ಅವನಿಗೆ ದೊಡ್ಡದಾಯ್ತು ಅಂತ ನಾನು ಹೇಳಿದ್ದೇ ಸರಿ ಆಯ್ತಲ್ಲ?

ರೈಟರು: ಅಥವಾ ಮೇಲಿನವರು ಔಟಾಗದೆ ಉಳಿದ್ರೆ ಕೆಳಗಿನವನು ಆಡಬಲ್ಲ ಅಂತ ನಾನು ಹೇಳಿದ್ದು ಸರಿ ಆಯ್ತು. ಹೋಗ್ಲಿ ಬಿಡು. ನನಗೆ ನಿನ್ನೆ ಸೇರದೆ ಹೋಗಿದ್ದು ಬೇರೆ. ಗೆದ್ದಾದ್ಮೇಲೆ ಬ್ಯಾಟಲ್ಲಿ ನೆಲದ ಮೇಲೆ ಸುತ್ತ ಗೆರೆ ಎಳೆದನಲ್ಲ, ನಡುವೆ ಬ್ಯಾಟ್ ಊರಿ ಎದೆ ತೋರಿಸಿದ. ಎಂತಕ್ಕೆ ಅದು?

ಹುಡುಗ: ಕಾಂತಾರ, ರೈಟ್ರೇ! ಅವನೇ ಹೇಳಿದ, ಆ ಸಿನಿಮಾದಿಂದ ಬಂದಿದ್ದು ಅಂತ. ಇದು ನನ್ನ ಮೈದಾನ, ನನ್ನ ಜಾಗ.

ರೈಟರು: ಸಿನಿಮಾ ಗೊತ್ತು. ನಮ್ಮ ಘಟ್ಟದ ಕೆಳಗಿನ ಕಥೆ ತಾನೇ. ಅದಕ್ಕೇ ಸೇರಲಿಲ್ಲ. ಮೂವತ್ತೈದು ವರ್ಷ ನಾನು ಬೇರೆಯವರ ತೋಟದ ಲೆಕ್ಕ ಬರೆದವನು. ಗೆರೆ ಎಳೆದು ನನ್ನ ಜಾಗ ಅಂದವರನ್ನ ಬೇಕಾದಷ್ಟು ನೋಡಿದ್ದೀನಿ. ಆಡಿ ತೋರಿಸಿದ್ದು ಸಾಕಿತ್ತು. ವಿಶ್ವನಾಥ್ ಆಡಿ ಹೋಗ್ತಿದ್ರು, ದ್ರಾವಿಡ್ ಆಡಿ ಹೋಗ್ತಿದ್ರು. ಯಾರೂ ಗೆರೆ ಎಳೀಲಿಲ್ಲ.

ಹುಡುಗ: ಅವರಿಗೆ ಎಳೆಯೋ ಅಗತ್ಯ ಬಂದಿರಲಿಲ್ಲ. ಇವನಿಗೆ ಏನೇನಾಯ್ತು ನೋಡಿ. ಹೋದ ವರ್ಷ ಮೇ ತಿಂಗಳು, ಹೈದರಾಬಾದಿನಲ್ಲಿ ಆಗ ಇವನಿದ್ದ ಲಖನೌ ಸೋತಾಗ, ಟೀಮಿನ ಮಾಲೀಕ ಮೈದಾನದಲ್ಲೇ, ಕ್ಯಾಮೆರಾ ಎದುರಿಗೇ ಇವನಿಗೆ ಜೋರು ಮಾಡಿದ. ಇಡೀ ದೇಶ ನೋಡ್ತು. ಅಷ್ಟು ವರ್ಷ ನಿಮ್ಮ ಹಾಗೆ ಸುಮ್ಮನಿದ್ದು ಪೂರ್ತಿ ಹಾಜರಿ ಹಾಕಿಸಿಕೊಂಡವನಿಗೆ ಸಿಕ್ಕಿದ್ದು ಅದು.

ರೈಟರು ತಕ್ಷಣ ಉತ್ತರ ಕೊಡಲಿಲ್ಲ. ಲೋಟದ ತಳದ ಕಾಫಿ ಆರಿತ್ತು, ಅದನ್ನೇ ಕುಡಿದರು.

ರೈಟರು: ಅದನ್ನ ನಾನೂ ನೋಡಿದೆ. ಒಂದು ಸಲ ನನಗೂ ಆಗಿದೆ ಹಾಗೆ. ತೂಕದ ಲೆಕ್ಕದಲ್ಲಿ ಏನೋ ವ್ಯತ್ಯಾಸ, ನನ್ನ ತಪ್ಪಲ್ಲ. ಕಣದಲ್ಲಿ ಅಷ್ಟೂ ಆಳುಗಳ ಎದುರಿಗೆ ಧಣಿ ಬೈದ್ರು. ಬೈದದ್ದು ದೊಡ್ಡದಲ್ಲ. ಮಾರನೇ ದಿನ ಬೆಳಿಗ್ಗೆ ಅದೇ ಆಳುಗಳ ಎದುರು ಪುಸ್ತಕ ಬಿಚ್ಚಿ ಹೆಸರು ಕೂಗಬೇಕಲ್ಲ, ಅದು. ಧ್ವನಿಯೇ ಹೊರಡಲಿಲ್ಲ ನನಗೆ.

ಹುಡುಗ: ಆಗ ನಿಮಗೆ ಗೆರೆ ಎಳೀಬೇಕು ಅನ್ಸಲಿಲ್ವಾ?

ರೈಟರು: ಅನ್ಸಿತ್ತೋ ಏನೋ. ಎಳೆಯೋಕೆ ನನ್ನ ಕೈಯಲ್ಲಿ ಇದ್ದದ್ದು ಪೆನ್ನು.

ಹುಡುಗ: ನನಗೆ ನಿನ್ನೆ ವಿಚಿತ್ರ ಆಯ್ತು ರೈಟ್ರೇ. ಅವನು ಗೆರೆ ಎಳೆದಾಗ ಸುತ್ತ ಇರೋರೆಲ್ಲ ಕೆಂಪು ಜರ್ಸಿ, ಸೋತ ಮುಖ. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದವನು ಕೆಕ್ಕರಿಸಿ ನೋಡಿದ. ಆಮೇಲೆ ಅವನೂ ತಟ್ಟಿದ. ಒಂದೂವರೆ ವರ್ಷದ ಹಿಂದೆ ಇದೇ ಬೆಂಚಲ್ಲಿ ನಾನೇ ಹೇಳಿದ್ದೆ, ‘ಇದು ನನ್ನ ಜಾಗ’ ಅಂತ ಇವನು ಒಂದು ಸಲವೂ ಹೇಳಿಲ್ಲ ಅಂತ. ಹೇಳಿದ. ನನ್ನ ಟೀಮಿನ ಎದೆ ಮೇಲೇ ಹೇಳಿದ.

ರೈಟರು: ಹಾಗಾದ್ರೆ ಆ ಅಹಮದಾಬಾದಿನ 66ಕ್ಕೆ ಈಗ ಪೂರ್ತಿ ಹಾಕಲಾ?

ಹುಡುಗ: ಬೇಡ. ನಿನ್ನೆ 93 ಹೊಡೆದದ್ದಕ್ಕೆ ಆವತ್ತಿನ 66 ಜಾಸ್ತಿ ಆಗಲ್ಲ. ಆವತ್ತಿಂದು ಅರ್ಧವೇ.

ರೈಟರು: ಫಲಿತಾಂಶ ನೋಡಿ ಹಿಂದಿನ ಲೆಕ್ಕ ತಿದ್ದಬಾರದು ಅಂತ ನಾನೇ ಹೇಳಿದ್ದು. ನೀನು ಈಗ ಅದನ್ನೇ ನನಗೆ ತಿರುಗಿಸಿ ಹೊಡೀತಿದ್ದೀಯ.

ಹೋಟೆಲ್ ಅಕ್ಕ ಲೆಕ್ಕದ ಪುಸ್ತಕ ಹಿಡಿದು ಬಂದು ನಿಂತರು.

ಅಕ್ಕ: ಇವತ್ತಾದ್ರೂ ತೀರ್ಮಾನ ಮಾಡಿ. ನಿನ್ನೆ ಸೋತಿದ್ದು ಯಾರು?

ಹುಡುಗ: ನಮ್ಮೋರು ಅಕ್ಕ, ಆರ್‌ಸಿಬಿ.

ಅಕ್ಕ: ಸೋಲಿಸಿದ್ದು ಯಾರು?

ಹುಡುಗ: ಅವನೂ ನಮ್ಮೋನೇ.

ಅಕ್ಕ: ಒಳ್ಳೆ ಕಥೆ. ಹಾಗಾದ್ರೆ ದುಡ್ಡು ಯಾರು ಕೊಡೋದು?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ಕಾಯಲಿಲ್ಲ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, 2023ರ ನವೆಂಬರಿನ ಹಳೇ ಬಾಕಿಯನ್ನೂ ಸೇರಿಸಿ, ಇಬ್ಬರ ಹೆಸರಿನ ಎದುರಿಗೂ ಅರ್ಧ ಅರ್ಧ ಬರೆದರು.